ಉಣ್ಣೆ (ಉಣುಗು) ಇಲ್ಲದ ಕೊಟ್ಟಿಗೆಗೂ ರಕ್ತದ ರೋಗ ಹೇಗೆ ಬರುತ್ತದೆ, ತಡೆಯೋದು ಹೇಗೆ

ಉಣ್ಣೆಗೆ ಔಷಧಿ ಹೊಡೆದಾಯಿತು, ಕೊಟ್ಟಿಗೆ ಗೋಡೆಯ ಬಿರುಕು ಮುಚ್ಚಿ ಸುಣ್ಣ ಬಳಿದಾಯಿತು, ಕಿವಿಯೊಳಗೆ, ಬಾಲದ ಬುಡದಲ್ಲಿ, ಕೆಚ್ಚಲ ಸಂದಿಯಲ್ಲಿ ಹುಡುಕಿದರೂ ಒಂದು ಉಣುಗು ಸಿಗೋದಿಲ್ಲ. ಆದರೂ ಹಸುವಿಗೆ ಜ್ವರ. ಹಾಲು ಅರ್ಧಕ್ಕೆ ಇಳಿದಿದೆ. ಕಣ್ಣಿನ ಒಳರೆಪ್ಪೆ ಬಿಳಿಚಿಕೊಂಡಿದೆ. ಡಾಕ್ಟರು ರಕ್ತ ಪರೀಕ್ಷೆ ಮಾಡಿಸಿ "ಅನಾಪ್ಲಾಸ್ಮಾ" ಅಂದರೆ ನಮಗೆ ಮೊದಲು ಬರುವ ಪ್ರಶ್ನೆ, ಉಣ್ಣೆಯೇ ಇಲ್ಲದೆ ಇದು ಎಲ್ಲಿಂದ ಬಂತು ಅಂತ.

ರಕ್ತದಿಂದ ಬಂತು. ಒಂದು ಹಸುವಿನ ರಕ್ತ ಇನ್ನೊಂದು ಹಸುವಿನ ಮೈಯೊಳಗೆ ಹೋದರೆ ಸಾಕು, ಅದನ್ನು ಹೊತ್ತೊಯ್ದದ್ದು ನೊಣವೋ, ಸೂಜಿಯೋ, ಕೊಂಬು ಕತ್ತರಿಸುವ ಗರಗಸವೋ ಎಂಬುದು ಆ ಜೀವಾಣುವಿಗೆ ಲೆಕ್ಕಕ್ಕಿಲ್ಲ. ಇದರಲ್ಲಿ ನೊಣವನ್ನು ಪೂರ್ತಿ ತಡೆಯೋಕೆ ಯಾರಿಂದಲೂ ಆಗೋದಿಲ್ಲ. ಆದರೆ ಸೂಜಿ, ಕತ್ತಿ, ಗರಗಸ ನಮ್ಮ ಕೈಯಲ್ಲೇ ಇರುವಂಥದ್ದು. ಅದಕ್ಕೇ ಇಲ್ಲಿ ಅದರ ಬಗ್ಗೆ ಜಾಸ್ತಿ ಬರೆದಿದ್ದೇನೆ.

ಮೊದಲು ಯಾವ ರೋಗಕ್ಕೆ ಉಣ್ಣೆ ಬೇಕೇ ಬೇಕು, ಯಾವುದಕ್ಕೆ ಬೇಡ ಅಂತ ತಿಳಿದುಕೊಳ್ಳೋಣ, ಇಲ್ಲದಿದ್ದರೆ ಎಲ್ಲಾ ಕಲಸಿಹೋಗುತ್ತದೆ. ನಮ್ಮ ಎಚ್‌ಎಫ್, ಜರ್ಸಿ ಮಿಶ್ರತಳಿ ಹಸುಗಳನ್ನು ಕಾಡುವ ಥೈಲೇರಿಯಾ ಮತ್ತು ಗಂಜಲ ಕೆಂಪಾಗಿಸುವ ಬೆಬೇಸಿಯಾ, ಈ ಎರಡೂ ಜೀವಾಣುಗಳ ಬೆಳವಣಿಗೆಯ ಒಂದು ಹಂತ ಉಣ್ಣೆಯ ಹೊಟ್ಟೆಯಲ್ಲೇ ನಡೆಯಬೇಕು. ಹಾಗಾಗಿ ಇವುಗಳ ಮುಖ್ಯ ದಾರಿ ಉಣ್ಣೆಯೇ, ರಕ್ತದ ಮೂಲಕ ದಾಟೋದು ಅಪರೂಪ. ಅನಾಪ್ಲಾಸ್ಮಾ ಉಣ್ಣೆಯಲ್ಲೂ ಬೆಳೆಯುತ್ತದೆ, ಆದರೆ ಉಣ್ಣೆ ಇಲ್ಲದಿದ್ದರೂ ಅದರ ಕೆಲಸ ನಿಲ್ಲೋದಿಲ್ಲ. (ಲೆಕ್ಕಕ್ಕೆ ಹಿಡಿದರೆ ಇದು ಪರಾವಲಂಬಿ ಅಲ್ಲ, ಕೆಂಪು ರಕ್ತಕಣದೊಳಗೆ ಬದುಕುವ ಒಂದು ಬ್ಯಾಕ್ಟೀರಿಯಾ. ಕೊಟ್ಟಿಗೆಯ ಮಟ್ಟಿಗೆ ಎಲ್ಲರೂ ಅದನ್ನು ಇವುಗಳ ಜೊತೆಗೇ ಸೇರಿಸಿ ಮಾತಾಡುತ್ತಾರೆ, ನಾನೂ ಹಾಗೇ ಮಾಡುತ್ತೇನೆ.) ಇನ್ನು ಸರ್ರಾ, ಅಂದರೆ ಟ್ರಿಪನೋಸೋಮಾ. ಇದಕ್ಕೂ ಉಣ್ಣೆಗೂ ಸಂಬಂಧವೇ ಇಲ್ಲ, ಇದು ಕಚ್ಚುವ ನೊಣದ ರೋಗ. 1880ರಲ್ಲಿ ಗ್ರಿಫಿತ್ ಇವಾನ್ಸ್ ಎಂಬ ಪಶುವೈದ್ಯ ಆಗಿನ ಪಂಜಾಬಿನ ಡೇರಾ ಇಸ್ಮಾಯಿಲ್ ಖಾನ್‌ನಲ್ಲಿ ಕುದುರೆ, ಒಂಟೆಗಳ ರಕ್ತದಲ್ಲಿ ಮೊದಲು ಕಂಡದ್ದು ಇದನ್ನೇ.

ಅಂದರೆ ಉಣ್ಣೆ ಔಷಧಿ ಬಿಡಿ ಅಂತ ಹೇಳುತ್ತಿಲ್ಲ, ಅದು ಬೇಕೇ ಬೇಕು. ಅದೊಂದೇ ಸಾಲದು, ಅಷ್ಟೆ.

ಸೂಜಿಯ ವಿಷಯ

ಜೋರು ಜ್ವರದಲ್ಲಿರುವ ಹಸುವಿನ ಒಂದು ಮಿಲಿ ರಕ್ತದಲ್ಲಿ ಅನಾಪ್ಲಾಸ್ಮಾ ಹೊಕ್ಕ ಕಣಗಳು 100 ಕೋಟಿ ದಾಟಬಹುದು. ಈಗ ಆ ಹಸುವಿಗೆ ಚುಚ್ಚಿ ತೆಗೆದ ಸೂಜಿಯನ್ನು ನೋಡಿ. ಹೊರಗೆ ಏನೂ ಕಾಣೋದಿಲ್ಲ, ಬಟ್ಟೆಯಿಂದ ಒರೆಸಿದರೆ ಫಳಫಳ ಅನ್ನುತ್ತದೆ. ಆದರೆ ಒಳಗಿನ ತೂತಿನಲ್ಲಿ, ಸಿರಿಂಜ್‌ಗೆ ಸೇರುವ ಬುಡದಲ್ಲಿ ಕಣ್ಣಿಗೆ ಕಾಣದಷ್ಟು ರಕ್ತ ಕೂತಿರುತ್ತದೆ. ಸ್ಪಿರಿಟ್ ಹತ್ತಿ ಹೊರಗೆ ಒರೆಸುತ್ತದೆ, ಒಳಗೆ ಹೋಗೋದಿಲ್ಲ. ಮುಂದಿನ ಹಸುವಿಗೆ ಔಷಧಿ ತಳ್ಳಿದಾಗ ಮೊದಲು ಒಳಗೆ ಹೋಗೋದು ಆ ರಕ್ತವೇ.

ಇದು ಸುಮ್ನೆ ಊಹೆ ಅಲ್ಲ. ಅಮೆರಿಕದಲ್ಲಿ ಇದನ್ನೇ ಪರೀಕ್ಷೆ ಮಾಡಿ 2010ರಲ್ಲಿ ಪ್ರಕಟಿಸಿದ್ದಾರೆ. ಅನಾಪ್ಲಾಸ್ಮಾ ಇದ್ದ ಹೋರಿಗೆ ಚುಚ್ಚಿದ ಸೂಜಿಯಲ್ಲೇ ಆರೋಗ್ಯವಾಗಿದ್ದ ಹೋರಿಗೂ ಚುಚ್ಚಿದರು, ಹೀಗೆ ಚುಚ್ಚಿಸಿಕೊಂಡ 10 ಹೋರಿಗಳಲ್ಲಿ 6ಕ್ಕೆ ರೋಗ ಹತ್ತಿತು. ಸೂಜಿಯೇ ಇಲ್ಲದೆ ಗಾಳಿಯ ಒತ್ತಡದಲ್ಲಿ ಮದ್ದು ಕೊಡುವ ಯಂತ್ರ ಬಳಸಿದ ಗುಂಪಿನಲ್ಲಿ ಒಂದಕ್ಕೂ ಬರಲಿಲ್ಲ. ಹತ್ತರಲ್ಲಿ ಆರು! ಒಂದೇ ಒಂದು ಚುಚ್ಚಿಗೆ.

ಇನ್ನೊಂದು ಉದಾಹರಣೆ ಬ್ರೆಜಿಲ್‌ನದು. ಆಫ್ರಿಕಾದಲ್ಲಿ ಟ್ರಿಪನೋಸೋಮಾ ವೈವ್ಯಾಕ್ಸ್ ಎಂಬ ಜೀವಾಣುವನ್ನು ತ್ಸೆತ್ಸೆ ನೊಣ ಹರಡುತ್ತದೆ. ದಕ್ಷಿಣ ಅಮೆರಿಕದಲ್ಲಿ ಆ ನೊಣವೇ ಇಲ್ಲ, ಆದರೂ ಅಲ್ಲಿನ ಡೇರಿಗಳಲ್ಲಿ ಆ ರೋಗ ಬೀಡುಬಿಟ್ಟಿದೆ. ಕಚ್ಚುವ ಬೇರೆ ನೊಣಗಳ ಜೊತೆಗೆ ಅಲ್ಲಿ ಸಿಕ್ಕ ದೊಡ್ಡ ಕಾರಣ ಆಕ್ಸಿಟೋಸಿನ್ ಸೂಜಿ. ಹಾಲು ಸೊರ ಬಿಡಲಿ ಅಂತ ಕರೆಯುವ ಮುಂಚೆ ಸಾಲಾಗಿ ನಿಂತ ಹಸುಗಳಿಗೆಲ್ಲಾ ಒಂದೇ ಸೂಜಿಯಲ್ಲಿ ಕೊಟ್ಟುಕೊಂಡು ಹೋಗೋದು. ಇದನ್ನು ಓದುವಾಗ ನಮ್ಮ ಪಟ್ಟಣಗಳ ಅಂಚಿನ ಕೆಲವು ಕೊಟ್ಟಿಗೆ ನೆನಪಾಗಲಿಲ್ಲ ಅಂದರೆ ನೀವು ಪುಣ್ಯವಂತರು. ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ, ವರ್ಷವಿಡೀ ಒಂದೇ ಸೂಜಿ ಎಲ್ಲಾ ಹಸುಗಳ ಮೈಮೇಲೆ ಓಡಾಡಿದರೆ ಉಣ್ಣೆಯ ಅಗತ್ಯ ಎಲ್ಲಿದೆ? ಹಾಲಿಗಾಗಿ ಹಾಗೆ ಚುಚ್ಚೋದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಡಿ ಅಪರಾಧವೂ ಹೌದು. ಕರುವನ್ನು ಬಿಟ್ಟು, ಕೆಚ್ಚಲನ್ನು ಬಿಸಿನೀರಲ್ಲಿ ತೊಳೆದು ತಿಕ್ಕಿದರೆ ಬಹುಪಾಲು ಹಸು ಸೊರ ಬಿಡುತ್ತದೆ. ಬಿಡದ ಹಸುವಿದ್ದರೆ ಡಾಕ್ಟರಿಗೆ ತೋರಿಸಿ, ಚಟ ಮಾಡಿಸಬೇಡಿ.

ಹಾಗಾದರೆ ಮಾಡೋದೇನು? ಒಂದು ಹಸುವಿಗೆ ಒಂದು ಸೂಜಿ. ಮೆಡಿಕಲ್ ಶಾಪಿನಲ್ಲಿ ಒಂದು ಸೂಜಿಗೆ ಒಂದು ಟೀ ದುಡ್ಡೂ ಆಗೋದಿಲ್ಲ. ಮಾಂಸಖಂಡಕ್ಕೆ ಕೊಡೋಕೆ ಸಾಮಾನ್ಯವಾಗಿ 18 ನಂಬರಿನ ಸೂಜಿ ಸಾಕು, ಆದರೂ ನಿಮ್ಮ ಡಾಕ್ಟರು ಯಾವುದು ಬಳಸುತ್ತಾರೆ ಅಂತ ಕೇಳಿ ಒಂದು ಡಬ್ಬಿ ತಂದು ಕೊಟ್ಟಿಗೆಯ ಗೂಡಲ್ಲಿ ಇಟ್ಟುಬಿಡಿ. ಕಾಲುಬಾಯಿ ಲಸಿಕೆಗೆ ಆರು ತಿಂಗಳಿಗೊಮ್ಮೆ ಮನೆ ಬಾಗಿಲಿಗೆ ಬರುತ್ತಾರಲ್ಲ, ಆಗ ಅದನ್ನು ಕೈಗೆ ಕೊಡಿ. "ಸಾರ್, ಸೂಜಿ ನಾನೇ ತಂದಿಟ್ಟಿದ್ದೀನಿ, ಹಸುಗೊಂದು ಹೊಸದು ಹಾಕಿಬಿಡಿ" ಅಂದರೆ ಯಾರೂ ಬೇಜಾರು ಮಾಡಿಕೊಳ್ಳೋದಿಲ್ಲ. ಲಸಿಕೆ ಹಾಕುವವರು ಒಂದು ದಿನಕ್ಕೆ ಎಷ್ಟೋ ಕೊಟ್ಟಿಗೆ ಹತ್ತಿ ಇಳಿಯಬೇಕು, ಅವರ ಮೇಲೆ ಸಿಟ್ಟು ಮಾಡೋದರಲ್ಲಿ ಅರ್ಥವಿಲ್ಲ. ಇನ್ನೊಂದು ಮಾತು, ಇದನ್ನೆಲ್ಲಾ ಓದಿ ಲಸಿಕೆಯೇ ಬೇಡ ಅಂತ ವಾಪಸ್ ಕಳಿಸುವವರೂ ಇದ್ದಾರೆ. ಅದು ಶುದ್ಧ ದಡ್ಡತನ. ಕಾಲುಬಾಯಿ ಜ್ವರ ಬಂದ ಕೊಟ್ಟಿಗೆ ನೋಡಿದವರು ಹಾಗೆ ಹೇಳೋದಿಲ್ಲ.

ಬಾಟಲಿಯನ್ನೂ ಗಮನಿಸಿ. ತುಂಬಾ ಜನ ಸೂಜಿ ಬದಲಾಯಿಸುತ್ತಾರೆ, ಆದರೆ ಚುಚ್ಚಿದ ಸೂಜಿಯನ್ನೇ ಮತ್ತೆ ಔಷಧಿ ಬಾಟಲಿಯ ರಬ್ಬರ್ ಮುಚ್ಚಳಕ್ಕೆ ಹಾಕಿ ಎಳೆಯುತ್ತಾರೆ. ಅಲ್ಲಿಗೆ ಬಾಟಲಿಯೇ ಕೆಟ್ಟ ಹಾಗೆ. ಒಂದು ಹೊಸ ಸೂಜಿಯನ್ನು ಬಾಟಲಿಯಲ್ಲೇ ಚುಚ್ಚಿಟ್ಟು, ಔಷಧಿ ಎಳೆಯೋಕೆ ಅದನ್ನು ಮಾತ್ರ ಬಳಸಿ, ಹಸುವಿಗೆ ಚುಚ್ಚೋಕೆ ಬೇರೆ ಸೂಜಿ ಸಿಕ್ಕಿಸಿ. ಸಿರಿಂಜ್ ಒಳಗೆ ರಕ್ತ ಬಂದರೆ ಸಿರಿಂಜನ್ನೂ ಬದಲಾಯಿಸಿ. ಹಳೇ ಕಾಲದ ಸ್ಟೀಲ್ ಸೂಜಿ, ಗಾಜಿನ ಸಿರಿಂಜ್ ಇನ್ನೂ ಇಟ್ಟುಕೊಂಡಿದ್ದರೆ, ಬಿಡಿಸಿ, ತೂತಿನೊಳಗೆ ನೀರು ಹಾಯಿಸಿ ರಕ್ತ ತೊಳೆದು, ಆಮೇಲೆ 20 ನಿಮಿಷ ಕುದಿಸಬೇಕು. ಬಿಸಿನೀರಲ್ಲಿ ಅದ್ದಿ ತೆಗೆಯೋದು ಕುದಿಸಿದ ಲೆಕ್ಕ ಅಲ್ಲ.

ಸೂಜಿ ಸಾಲದೇ ಬಂದ ದಿನ? ಹಾಗಾಗಬಾರದು, ಒಂದು ವೇಳೆ ಆದರೆ, ಸರದಿಯನ್ನಾದರೂ ಸರಿ ಮಾಡಿ. ಕರುಗಳು ಮೊದಲು, ಆಮೇಲೆ ಕಡಸು, ಆಮೇಲೆ ಹಸುಗಳು, ಹಿಂದೆ ಯಾವತ್ತಾದರೂ ಈ ರೋಗ ಬಂದು ಹುಷಾರಾದ ಹಸು ಕಟ್ಟಕಡೆಗೆ. ಕಾರಣ ಇದು: ಅನಾಪ್ಲಾಸ್ಮಾದಿಂದ ಚೇತರಿಸಿಕೊಂಡ ಹಸುವಿನ ರಕ್ತದಲ್ಲಿ ಅದು ಸಾಮಾನ್ಯವಾಗಿ ಜೀವಮಾನವಿಡೀ ಉಳಿಯುತ್ತದೆ. ನೋಡೋಕೆ ದುಂಡಗೆ, ಹಾಲೂ ಸರಿಯಾಗಿ ಕೊಡುತ್ತಿರುತ್ತದೆ, ರಕ್ತದ ಸ್ಲೈಡಿನಲ್ಲೂ ಕಾಣೋದಿಲ್ಲ. ಆದರೆ ಅದರ ರಕ್ತ ಇನ್ನೊಂದಕ್ಕೆ ಸೇರಿದರೆ ರೋಗ ಹಿಡಿಸಬಲ್ಲದು.

ಬಳಸಿದ ಸೂಜಿಗಳನ್ನು ದಪ್ಪ ಪ್ಲಾಸ್ಟಿಕ್ ಬಾಟಲಿಗೆ ಹಾಕಿ ಪಶು ಆಸ್ಪತ್ರೆಗೆ ಕೊಟ್ಟುಬಿಡಿ. ತಿಪ್ಪೆಗೆ ಎಸೆದರೆ ಗೊಬ್ಬರದ ಜೊತೆ ಹೊಲಕ್ಕೆ ಹೋಗಿ ನಿಮ್ಮ ಅಂಗಾಲಿಗೇ ಸಿಗುತ್ತದೆ.

ರಕ್ತ ಬರುವ ಬೇರೆ ಕೆಲಸಗಳು

ಮೂಗುದಾರಕ್ಕೆ ಮೂಗು ಚುಚ್ಚೋದು ನೋಡಿ. ಊರಿಗೊಬ್ಬರು ಕೈ ಪಳಗಿದವರು ಇರುತ್ತಾರೆ, ಅವರ ಹತ್ತಿರ ಒಂದು ದಬ್ಬಳ ಇರುತ್ತದೆ. ಅದೇ ದಬ್ಬಳ ಈ ಬೀದಿಯ ಹೋರಿಗೂ ಆ ಬೀದಿಯ ಹೋರಿಗೂ ಹೋಗುತ್ತದೆ, ನಡುವೆ ಪಂಚೆಯಲ್ಲಿ ಒಂದು ಸಲ ಒರೆಸಿದರೆ ಹೆಚ್ಚು. ಕಿವಿಗೆ ಹಳದಿ ಓಲೆ ಹಾಕುವ ಇಕ್ಕಳ, ಕೊಂಬು ಕತ್ತರಿಸುವ ಗರಗಸ ಅಥವಾ ತಂತಿ, ಗೊರಸು ಕತ್ತರಿಸುವ ಕತ್ತಿ, ಎಲ್ಲಕ್ಕೂ ಇದೇ ಕಥೆ. ಹಳ್ಳಿಕಾರ್ ಎತ್ತುಗಳನ್ನು ಜಾತ್ರೆಗೆ ಹೊರಡಿಸುವಾಗ ಕೊಂಬು ಹೆರೆಯುತ್ತಾರಲ್ಲ, ಮೇಲ್ಮೇಲೆ ಹೆರೆದರೆ ತೊಂದರೆಯಿಲ್ಲ, ಜೀವ ಇರುವಲ್ಲಿಗೆ ಉಳಿ ತಾಗಿ ರಕ್ತ ಜಿನುಗಿತು ಅಂದರೆ ಆ ಉಳಿ ತೊಳೆಯದೆ ಇನ್ನೊಂದು ಎತ್ತಿಗೆ ಹೋಗಬಾರದು.

ತೊಳೆಯುವ ಕ್ರಮ ಮುಖ್ಯ. ಮೊದಲು ನೀರು ಮತ್ತು ಬ್ರಷ್ಷು, ಆಮೇಲೆ ಔಷಧಿ ನೀರು. ರಕ್ತ ಮೆತ್ತಿದ ಹಾಗೇ ಡೆಟಾಲ್ ನೀರಿಗೆ ಅದ್ದಿದರೆ ರಕ್ತ ಹೆಪ್ಪುಗಟ್ಟಿ ಒಳಗಿನದು ಹಾಗೇ ಉಳಿಯುತ್ತದೆ. ಎರಡು ಜೊತೆ ಸಾಮಾನು ಇಟ್ಟುಕೊಂಡರೆ ಒಂದು ಬಕೆಟಿನಲ್ಲಿ ನೆನೆಯುತ್ತಿರುವಾಗ ಇನ್ನೊಂದರಲ್ಲಿ ಕೆಲಸ ನಡೆಯುತ್ತದೆ, ಹೊತ್ತು ಹಾಳಾಗೋದಿಲ್ಲ. ಎರಡನೇ ದಬ್ಬಳಕ್ಕೆ ಎಷ್ಟು ದುಡ್ಡು, ಹೇಳಿ?

ಇನ್ನೂ ಒಳ್ಳೆಯದೆಂದರೆ ರಕ್ತವೇ ಬಾರದ ವಿಧಾನ ಆರಿಸಿಕೊಳ್ಳೋದು. ಹೋರಿಗೆ ಬೀಜ ಒಡೆಸುವಾಗ ಬರ್ಡಿಜೋ ಇಕ್ಕಳ ಬಳಸಿದರೆ ಚರ್ಮ ಕುಯ್ಯೋದಿಲ್ಲ. ಕರುವಿಗೆ ಕೊಂಬಿನ ಮೊಳಕೆ ಕಾಣಿಸಿದ ಮೊದಲ ವಾರಗಳಲ್ಲೇ ಡಾಕ್ಟರಿಂದ ಮರಗಟ್ಟಿಸುವ ಮದ್ದು ಕೊಡಿಸಿ ಕಾದ ಕಬ್ಬಿಣದಲ್ಲಿ ಸುಡಿಸಿದರೆ ರಕ್ತನಾಳ ಅಲ್ಲೇ ಮುಚ್ಚಿಹೋಗುತ್ತದೆ. ದೊಡ್ಡದಾದ ಮೇಲೆ ಗರಗಸ ಹಿಡಿದರೆ ಗೋಡೆಗೆಲ್ಲಾ ರಕ್ತ ಚಿಮ್ಮುತ್ತದೆ.

ರಕ್ತ ಕೊಡಿಸುವ ವಿಷಯ ಒಂದಿದೆ. ರಕ್ತ ತೀರಾ ಕಮ್ಮಿಯಾದ ಹಸುವಿಗೆ ಕೆಲವು ಸಲ ಡಾಕ್ಟರು ಇನ್ನೊಂದು ಹಸುವಿನ ರಕ್ತ ಏರಿಸುತ್ತಾರೆ, ಜೀವ ಉಳಿಯುವುದೂ ಉಂಟು. ಆದರೆ ಕೊಡುವ ಹಸು ಒಳಗೊಳಗೇ ರೋಗ ಹೊತ್ತಿದ್ದರೆ ಲೀಟರುಗಟ್ಟಲೆ ರೋಗ ಏರಿಸಿದ ಹಾಗಾಗುತ್ತದೆ. ರಕ್ತ ಕೊಡೋಕೆ ಯಾವ ಹಸು ಆಗಬಹುದು ಅಂತ ಮುಂಚೆಯೇ ಪರೀಕ್ಷೆ ಮಾಡಿಸಿ ಗೊತ್ತುಮಾಡಿಟ್ಟುಕೊಳ್ಳೋದು ದೊಡ್ಡ ಡೇರಿ ಇಟ್ಟವರಿಗೆ ಒಳ್ಳೆಯದು.

ಹೊಟ್ಟೆಯಲ್ಲಿರುವ ಕರುವಿಗೂ ತಾಯಿಯಿಂದ ದಾಟಬಹುದು. ಹುಟ್ಟಿದ ಕರು ಮಂಕಾಗಿ, ವಸಡು ಬೆಳ್ಳಗಿದ್ದು, ಮೊಲೆಗೆ ಬಾಯಿ ಹಾಕದಿದ್ದರೆ ಅದರ ರಕ್ತವನ್ನೂ ತಾಯಿಯ ರಕ್ತವನ್ನೂ ಒಟ್ಟಿಗೆ ಪರೀಕ್ಷೆಗೆ ಕೊಡಿ.

ನೊಣ

ಮನೆಯಲ್ಲಿ ಹಾರಾಡುವ ನೊಣ ಇಲ್ಲಿ ಆರೋಪಿ ಅಲ್ಲ, ಅದಕ್ಕೆ ಚುಚ್ಚುವ ಬಾಯಿಲ್ಲ. ಎರಡು ಜಾತಿ ಗುರುತಿಟ್ಟುಕೊಳ್ಳಿ. ಒಂದು ಕುದುರೆ ನೊಣ, ಜೇನುಹುಳಕ್ಕಿಂತ ದಪ್ಪ, ದೊಡ್ಡ ಹೊಳೆಯುವ ಕಣ್ಣು, ಬಿಸಿಲು ಹೊತ್ತಿನಲ್ಲಿ ಬರುತ್ತದೆ, ಹೆಣ್ಣು ಮಾತ್ರ ಕಚ್ಚುತ್ತದೆ. ಇದು ಚರ್ಮ ಕುಯ್ದು, ಒಸರುವ ರಕ್ತವನ್ನು ನೆಕ್ಕುತ್ತದೆ. ಎಷ್ಟು ನೋವೆಂದರೆ ಹಸು ತಕ್ಷಣ ಮೈ ಅದುರಿಸಿ ಬಾಲ ಬೀಸುತ್ತದೆ, ಅರ್ಧ ಹೊಟ್ಟೆ ತುಂಬಿದ ನೊಣ ಎದ್ದು ಪಕ್ಕದ ಹಸುವಿನ ಮೇಲೆ ಕೂತು ಊಟ ಮುಗಿಸುತ್ತದೆ. ಅದು ಬಿಟ್ಟು ಹೋದ ಜಾಗದಲ್ಲಿ ಒಂದು ಹನಿ ರಕ್ತ ನಿಂತಿರುತ್ತದೆ, ಹತ್ತಿರ ಹೋಗಿ ನೋಡಿದರೆ ಕಾಣುತ್ತದೆ. ಸರ್ರಾ ದಾಟೋದು ಆ ಕೆಲವು ನಿಮಿಷಗಳಲ್ಲೇ. ನೊಣದ ಬಾಯಿಯ ರಕ್ತ ಒಣಗಿತೆಂದರೆ ಜೀವಾಣು ಸಾಯುತ್ತದೆ.

ಇದರಲ್ಲಿ ನಮಗೆ ಉಪಯೋಗವಾಗುವ ವಿಷಯ ಒಂದಿದೆ. ದೂರ ಜಾಸ್ತಿಯಿದ್ದರೆ ನೊಣ ಬೇರೆ ಪ್ರಾಣಿಯನ್ನು ಹುಡುಕಿಕೊಂಡು ಹೋಗದೆ ಅದೇ ಪ್ರಾಣಿಗೆ ವಾಪಸ್ ಬರುತ್ತದೆ. ಕುದುರೆಗಳಿಗೆ ಇದೇ ನೊಣದಿಂದ ಬರುವ ಒಂದು ವೈರಸ್ ರೋಗಕ್ಕೆ ಅಮೆರಿಕದಲ್ಲಿ ರೋಗದ ಕುದುರೆಯನ್ನು ಬೇರೆಯವುಗಳಿಂದ 200 ಗಜ ದೂರ ಕಟ್ಟಬೇಕೆಂಬ ನಿಯಮವಿರುವುದು ಇದಕ್ಕೇ. ನಮ್ಮ ಗುಂಟೆ ಲೆಕ್ಕದ ಜಾಗದಲ್ಲಿ ಅಷ್ಟು ದೂರ ಎಲ್ಲಿಂದ ತರೋಣ! ಆದರೂ ಜ್ವರದ ಹಸುವನ್ನು ಸಾಲಿನ ನಡುವೆ ಬಿಡದೆ, ಆದಷ್ಟು ದೂರದ ನೆರಳಿಗೆ, ಆಗಲಿಲ್ಲವೆಂದರೆ ಸೊಳ್ಳೆ ಪರದೆಯ ಒಳಗೆ ಕಟ್ಟಿದರೂ ಲಾಭವಿದೆ.

ಇನ್ನೊಂದು ನೊಣ ನೋಡೋಕೆ ಮನೆ ನೊಣದ ಥರಾನೇ ಇರುತ್ತದೆ, ಆದರೆ ಮುಖದ ಮುಂದೆ ಸೂಜಿಯಂಥ ಕಪ್ಪು ಮೂತಿ ಚಾಚಿರುತ್ತದೆ. ಕಾಲಿಗೆ ಕಚ್ಚುತ್ತದೆ. ಹಸುಗಳು ಸುಮ್ಮನೆ ನಿಲ್ಲದೆ ಒಂದೇ ಸಮನೆ ಕಾಲು ಝಾಡಿಸುತ್ತಿದ್ದರೆ, ಒಂದಕ್ಕೊಂದು ಒತ್ತಿಕೊಂಡು ನಿಂತರೆ ಇದೇ ಇರಬೇಕು. ಇದು ಮೊಟ್ಟೆಯಿಡೋದು ಗಂಜಲ, ಸೆಗಣಿ ಬೆರೆತು ಕೊಳೆಯುತ್ತಿರುವ ಹುಲ್ಲಿನಲ್ಲಿ. ಗೋದಲಿಯ ಮೂಲೆಯಲ್ಲಿ ಉಳಿದ ಒದ್ದೆ ಮೇವು, ಸೈಲೇಜ್ ಗುಂಡಿಯ ಅಂಚಿನ ಕೊಳೆತದ್ದು, ಕರು ಕಟ್ಟುವ ಜಾಗದ ಹಾಸು, ಇವೇ ಅದರ ತೊಟ್ಟಿಲು. ಮೊಟ್ಟೆಯಿಂದ ನೊಣವಾಗೋಕೆ ನಮ್ಮ ಸೆಕೆಯಲ್ಲಿ ಎರಡು ಮೂರು ವಾರ ಹಿಡಿಯುತ್ತದೆ, ಹಾಗಾಗಿ ವಾರಕ್ಕೊಮ್ಮೆ ಆ ಮೂಲೆಗಳನ್ನು ಕೆರೆದು ಬಿಸಿಲಿಗೆ ತೆಳ್ಳಗೆ ಹರಡಿದರೆ ಆ ಸುತ್ತು ಅಲ್ಲೇ ಮುಗಿಯುತ್ತದೆ. ನನ್ನ ಕೇಳಿದರೆ ಸ್ಪ್ರೇಗಿಂತ ಇದು ಮೇಲು. ಸ್ಪ್ರೇ ಹೊಡೆಯೋದಾದರೆ ಡೆಲ್ಟಾಮೆಥ್ರಿನ್, ಸೈಪರ್‌ಮೆಥ್ರಿನ್ ಯಾವುದಾದರೂ ಬಾಟಲಿಯ ಅಳತೆಯಂತೆಯೇ ಕಲಸಿ, ಕಾಲು ಮತ್ತು ಹೊಟ್ಟೆಯ ಕೆಳಗೂ ಬೀಳಲಿ, ಹಾಲು ಎಷ್ಟು ಹೊತ್ತು ಬಳಸಬಾರದು ಅಂತ ಬರೆದಿದ್ದರೆ ಅದನ್ನು ಪಾಲಿಸಿ.

ಸಂಜೆ ಬೇವಿನ ಸೊಪ್ಪಿನ ಹೊಗೆ ಹಾಕೋದು ಸೊಳ್ಳೆಗೆ ಸರಿ, ಆದರೆ ಕುದುರೆ ನೊಣ ಬರೋದು ಮಟಮಟ ಮಧ್ಯಾಹ್ನ. ಅದಕ್ಕೆ ನೀಲಿ ಮತ್ತು ಕಪ್ಪು ಬಣ್ಣ ಕಂಡರೆ ಆಕರ್ಷಣೆ, ಕೀನ್ಯಾದಲ್ಲಿ ರೂಪುಗೊಂಡ ಎನ್‌ಜಿ (Nzi) ಎಂಬ ಬಲೆ ನೀಲಿ ಕಪ್ಪು ಬಟ್ಟೆಯಿಂದಲೇ ಮಾಡಿದ್ದು. ಕೆರೆ ಏರಿ, ಗದ್ದೆ ಬದು, ಹಳ್ಳದಂಚಿನ ಕೆಸರಲ್ಲಿ ಅದು ಹುಟ್ಟುತ್ತದೆ, ಆದ್ದರಿಂದ ಮಳೆಗಾಲದಲ್ಲಿ ಮತ್ತು ಅದು ಮುಗಿಯುವ ಹೊತ್ತಿಗೆ ನಡು ಮಧ್ಯಾಹ್ನ ಅಲ್ಲಿ ಮೇಯಿಸಬೇಡಿ.

ಸರ್ರಾ ಬಂದು ಸತ್ತ ದನವನ್ನು ನಾಯಿ ಎಳೆಯೋಕೆ ಬಿಡಬೇಡಿ, ಹಸಿ ಮಾಂಸ, ರಕ್ತ ತಿಂದರೆ ನಾಯಿಗೂ ಹತ್ತುತ್ತದೆ. 2000ದಲ್ಲಿ ಒಡಿಶಾದ ನಂದನಕಾನನ ಮೃಗಾಲಯದಲ್ಲಿ ಹುಲಿಗಳು ಸಾಲುಸಾಲಾಗಿ ಸತ್ತದ್ದು ಇದೇ ರೋಗದಿಂದ. ಮನುಷ್ಯರಿಗೆ? ಸಾಮಾನ್ಯವಾಗಿ ಇಲ್ಲ. ಪಕ್ಕದ ಮಹಾರಾಷ್ಟ್ರದಲ್ಲಿ 2004ರಲ್ಲಿ ಒಬ್ಬ ರೈತರಿಗೆ ಬಂದದ್ದು ದಾಖಲಾಗಿದೆ, ಅವರ ರಕ್ತದಲ್ಲಿ ಈ ಜೀವಾಣುವನ್ನು ಕೊಲ್ಲುವ ಒಂದು ಪ್ರೋಟೀನ್ ಹುಟ್ಟಿನಿಂದಲೇ ಇರಲಿಲ್ಲ. ಹೆದರಬೇಕಾಗಿಲ್ಲ, ಆದರೆ ಕೈಯಲ್ಲಿ ಗಾಯವಿದ್ದಾಗ ದನದ ರಕ್ತ ಮುಟ್ಟೋದು ಬೇಡ.

ಬಂದಿದೆಯೇನೋ ಅನಿಸಿದಾಗ

ಕ್ಯಾಲೆಂಡರ್ ತೆಗೆದು ಹಿಂದಕ್ಕೆ ಎಣಿಸಿ. ಅನಾಪ್ಲಾಸ್ಮಾ ರಕ್ತ ಸೇರಿದ ಮೇಲೆ ಕಾಣಿಸಿಕೊಳ್ಳೋಕೆ ಸಾಮಾನ್ಯವಾಗಿ ಮೂರರಿಂದ ಆರು ವಾರ ತೆಗೆದುಕೊಳ್ಳುತ್ತದೆ. ಒಂದೇ ವಾರದಲ್ಲಿ ಎರಡು ಮೂರು ಹಸು ಮಲಗಿದರೆ, ಒಂದು ತಿಂಗಳ ಹಿಂದೆ ಅವುಗಳಿಗೆಲ್ಲಾ ಒಂದೇ ದಿನ ಏನಾದರೂ ಚುಚ್ಚಿಸಿದ್ದಿರಾ, ಕತ್ತರಿಸಿದ್ದಿರಾ ಅಂತ ನೋಡಿ. ಹೊಸ ಹಸು ಸಂತೆಯಿಂದ ಬಂದಿತ್ತಾ ಅಂತಲೂ.

ಅನಾಪ್ಲಾಸ್ಮಾದಲ್ಲಿ ಕಣ್ಣು, ವಸಡು ಮೊದಲು ಬಿಳಿಚಿ ಆಮೇಲೆ ಹಳದಿಯಾಗುತ್ತದೆ, ಸೆಗಣಿ ಗಟ್ಟಿಯಾಗುತ್ತದೆ, ಆದರೆ ಗಂಜಲ ಕೆಂಪಾಗೋದಿಲ್ಲ. ಕಾಫಿ ಬಣ್ಣದ ಗಂಜಲ ಬಂದರೆ ಬೆಬೇಸಿಯಾ ಇರಬಹುದು. ಕರುಗಳಿಗೆ ಅನಾಪ್ಲಾಸ್ಮಾ ಹಗುರ, ಎರಡು ವರ್ಷ ದಾಟಿದ ಹಸುಗಳಿಗೆ ಜೀವಕ್ಕೇ ಸಂಚಕಾರ. ಸರ್ರಾದಲ್ಲಿ ಜ್ವರ ಬಂದು ಹೋಗಿ ಮಾಡುತ್ತದೆ, ಹಸು ಸೊರಗುತ್ತದೆ, ಕೆಲವು ಸಲ ಹಲ್ಲು ಕಡಿಯುತ್ತಾ ಸುತ್ತು ತಿರುಗಿ ಬಿದ್ದುಬಿಡುತ್ತದೆ. ಒಂದಕ್ಕೆ ಹಿಡಿಯುವ ಮದ್ದು ಇನ್ನೊಂದಕ್ಕೆ ಹಿಡಿಯೋದಿಲ್ಲ: ಅನಾಪ್ಲಾಸ್ಮಾಗೆ ಆಕ್ಸಿಟೆಟ್ರಾಸೈಕ್ಲಿನ್, ಥೈಲೇರಿಯಾಗೆ ಬುಪಾರ್ವಕ್ವೋನ್, ಸರ್ರಾಗೆ ಕ್ವಿನಾಪಿರಮಿನ್. ಅದಕ್ಕೇ ಯಾವ ಇಂಜೆಕ್ಷನ್ನೂ ಕೊಡುವ ಮುಂಚೆ, ಜ್ವರ ಇರುವಾಗಲೇ, ಕಿವಿಯ ರಕ್ತನಾಳದಿಂದ ಸ್ಲೈಡ್ ಮಾಡಿಸಿ, ನೇರಳೆ ಮುಚ್ಚಳದ ಸಣ್ಣ ಬಾಟಲಿಯಲ್ಲಿ ರಕ್ತ ತೆಗೆಸಿಡಿ. ಹೊಸದಾಗಿ ತಂದ ಹಸುವಿನ ರಕ್ತವನ್ನು ಪಿಸಿಆರ್ ಮಾಡಿಸಿದರೆ ಒಳಗೆ ಅಡಗಿದ್ದು ಸ್ಲೈಡಿಗಿಂತ ಚೆನ್ನಾಗಿ ಗೊತ್ತಾಗುತ್ತದೆ. ಫಲಿತಾಂಶ ಬರುವ ತನಕ ಅದಕ್ಕೆ ಬೇರೆ ಸೂಜಿ, ಬೇರೆ ಜಾಗ.

ರಕ್ತ ಇಳಿದುಹೋದ ಹಸುವನ್ನು ಆಸ್ಪತ್ರೆಗೆ ನಡೆಸಿಕೊಂಡು ಹೋಗಬೇಡಿ. ಮೈಯಲ್ಲಿ ಆಮ್ಲಜನಕ ಹೊರುವ ಕಣವೇ ಇಲ್ಲದಾಗ ಅರ್ಧ ಕಿಲೋಮೀಟರ್ ನಡಿಗೆಗೂ ಅದು ದಾರಿಯಲ್ಲಿ ಕುಸಿಯಬಹುದು, ಸಾಧು ಹಸುವೂ ಮೈಮೇಲೆ ಏರಿ ಬರಬಹುದು. ನೆರಳಲ್ಲಿ ಕಟ್ಟಿ, ಮುಂದೆ ನೀರು, ಹಸಿ ಮೇವು ಇಟ್ಟು, ಪಶು ಚಿಕಿತ್ಸೆಯ ಸಹಾಯವಾಣಿ 1962ಕ್ಕೆ ಫೋನ್ ಮಾಡಿ ಗಾಡಿ ಕರೆಸಿ. ಅವರು ಬರುವಷ್ಟರಲ್ಲಿ ಜ್ವರ ಎಷ್ಟಿದೆ, ಗಂಜಲದ ಬಣ್ಣ ಏನು, ಹಾಲು ಯಾವತ್ತಿನಿಂದ ಇಳಿದಿದೆ, ಕಳೆದ ಎರಡು ತಿಂಗಳಲ್ಲಿ ಯಾವ ಯಾವ ದಿನ ಯಾರು ಏನು ಚುಚ್ಚಿದ್ದರು ಅಂತ ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ, ಡಾಕ್ಟರು ಮೊದಲು ಕೇಳೋದು ಅದನ್ನೇ.